ಕೊಂಬು ಹಿಡಿದ ಅಮ್ಮ

ಲಿಯೊನೋರ್ ಬರೆಯುತ್ತಿದ್ದ ನಕ್ಷೆಯಲ್ಲಿ ಬೇರೆಲ್ಲ ಕೋಣೆಗಳೂ ತಂತಮ್ಮ ಜಾಗದಲ್ಲಿ ತೆಪ್ಪಗೆ ಕುಳಿತಿದ್ದವು. ಚಿಕಿತ್ಸೆಯ ಕೋಣೆ ಒಂದು ಮಾತ್ರ ಅಲೆಯುತ್ತಿತ್ತು. ಮೊದಲು ಅದನ್ನು ಗೂಳಿಕಾಳಗದ ಅಖಾಡದ ಬಲಕ್ಕೆ ಇಟ್ಟಿದ್ದಳು. ಅಲ್ಲಿದ್ದರೆ ಒಳಗೆ ಬರುವ ಮಕ್ಕಳಿಗೆ ಮೊದಲು ಕಾಣುವುದೇ ಅದು ಎನ್ನಿಸಿ ಹಿಂದಿನ ಗೋಡೆಯತ್ತ ಒಯ್ದಳು. ಅಲ್ಲಿ ತೀರಾ ದೂರವಾಯಿತು ಎನ್ನಿಸಿ ಮತ್ತೆ ಹತ್ತಿರ ತಂದಳು. ಈ ಸಲ ನಡುವೆ ಒಂದು ಗೋಡೆ ಎಬ್ಬಿಸಿ, ಹಾದಿಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸಿ, ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿದಳು. ಹೀಗೆ ಒಯ್ದು ತರುವುದರಲ್ಲಿ ಆ ಕೋಣೆ ಅದು ಹೇಗೋ ದೊಡ್ಡದಾಗುತ್ತಲೂ ಹೋಗಿತ್ತು.

ನಕ್ಷೆ ಅಡುಗೆಮನೆಯ ಮೇಜಿನ ಮೇಲೆ ಹರಡಿತ್ತು. ಮೂಲೆ ಹಾರದಂತೆ ಆಲಿವ್ ಎಣ್ಣೆಯ ಶೀಸೆ ಇಟ್ಟಿದ್ದಳು. ಒಲೆಯ ಮೇಲೆ ಪಾಲಕ್ ಸೊಪ್ಪಿನ ಜೊತೆ ಕಡಲೆಕಾಳು ಬೇಯುತ್ತಿತ್ತು. ಒಂದು ಗೆರೆ ಎಳೆದು ಎದ್ದು ಹೋಗಿ ಸೌಟು ಆಡಿಸುವುದು, ಬಂದು ಕುಳಿತು ಆ ಗೆರೆಯನ್ನೇ ಅಳಿಸುವುದು, ಬೆಳಗಿನಿಂದ ಇದೇ ಆಗಿತ್ತು.

ಊರಿನ ಹಳೆಯ ಕಸಾಯಿಖಾನೆಯನ್ನು ಗೂಳಿಕಾಳಗ ಕಲಿಸುವ ಶಾಲೆಯಾಗಿ ಬದಲಾಯಿಸಬೇಕೆಂದು ಪುರಸಭೆ ತೀರ್ಮಾನಿಸಿತ್ತು. ಊರಿಗೆ ಇರುವ ಆರ್ಕಿಟೆಕ್ಟು ಅವಳೊಬ್ಬಳೇ. ಅದೂ ಅಲ್ಲದೆ ಅವಳಪ್ಪ ಗೂಳಿಯನ್ನು ಎದುರಿಸಿ ಕೊಲ್ಲುವ ಮಟಡೋರರ ತಂಡದಲ್ಲಿದ್ದು ಗೂಳಿಯ ಹೆಗಲಿಗೆ ಬಣ್ಣದ ಕಾಗದ ಸುತ್ತಿದ ಕಡ್ಡಿ ನೆಡುತ್ತಿದ್ದವನು. ಆ ಕಡ್ಡಿಗಳ ಸಂಬಳದಲ್ಲೇ ಅವಳು ಓದಿದ್ದಳು. ಹೀಗಾಗಿ ಬೇರೆ ಯಾರನ್ನೂ ಕೇಳದೆ ಕೆಲಸ ಅವಳ ಬಾಗಿಲಿಗೆ ಬಂತು. ಊರಿನಲ್ಲಿ ಅರ್ಧ ಜನ, ಈ ಕಾಲದಲ್ಲಿ ಮಕ್ಕಳಿಗೆ ಪ್ರಾಣಿ ಕೊಲ್ಲುವುದನ್ನು ಕಲಿಸುವ ಶಾಲೆಯೇ ಎಂದು ಸಿಡುಕಿದರು. ಇನ್ನರ್ಧ ಜನ, ಇಷ್ಟು ವರ್ಷ ಯಾಕೆ ತಡವಾಯಿತು ಎಂದು ಸಿಡುಕಿದರು. ಲಿಯೊನೋರಳಿಗೆ ಯಾರು ಕೊನೆಯಲ್ಲಿ ಮಾತಾಡಿದರೋ ಅವರದೇ ಸರಿ ಎನ್ನಿಸುತ್ತಿತ್ತು. ರೊಟ್ಟಿ ಅಂಗಡಿಯಲ್ಲಿ ಒಂದು ಸರಿ, ಮನೆಗೆ ಬರುವ ಹಾದಿಯಲ್ಲಿ ಇನ್ನೊಂದು ಸರಿ. ಎರಡೂ ಕಡೆಯವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ನೋಡೋಣ."

ಇಷ್ಟೇ ಆಗಿದ್ದರೆ ಅವಳು ಹೇಗೋ ನಕ್ಷೆ ಮುಗಿಸುತ್ತಿದ್ದಳು. ಆದರೆ ಶಾಲೆಗೆ ಗೋಡೆ ಏಳುವ ಮೊದಲೇ, ಕಸಾಯಿಖಾನೆಯ ಬಯಲಿನಲ್ಲಿ ಪಾಠ ಶುರುವಾಗಿತ್ತು. ಅಲ್ಲಿಗೆ ಹೋಗುವ ಮಕ್ಕಳಲ್ಲಿ ಅವಳ ಮಗಳು ಅರಾಸೆಲಿಯೂ ಒಬ್ಬಳು.

ಬಾಗಿಲು ತಟ್ಟದೆ ಒಳಗೆ ಬಂದವನು ಎಲಾಡಿಯೊ. ಅಪ್ಪನ ಹಳೆಯ ಜೊತೆಗಾರ, ಈಗ ಮಕ್ಕಳ ಮೇಷ್ಟ್ರು. ಎಡಗಾಲು ಸ್ವಲ್ಪ ಎಳೆಯುತ್ತಾನೆ. ಅದು ಗೂಳಿ ತಿವಿದದ್ದಲ್ಲ, ಸ್ಕೂಟರಿನಿಂದ ಬಿದ್ದದ್ದು ಎಂಬುದು ಅವನಿಗೆ ಇವತ್ತಿಗೂ ದೊಡ್ಡ ಅವಮಾನ. ಪಾತ್ರೆಯ ಮುಚ್ಚಳ ಎತ್ತಿ ನೋಡಿ, ಆಮೇಲೆ ನಕ್ಷೆಯ ಕಡೆ ಬಗ್ಗಿದ.

"ಆರ್ಕಿಟೆಕ್ಟಮ್ಮ, ಇದೇನಿದು? ಆಸ್ಪತ್ರೆ ಕಟ್ಟಿ, ಮಕ್ಕಳು ಆಡ್ಕೊಳ್ಲಿ ಅಂತ ಪಕ್ಕದಲ್ಲಿ ಒಂದಿಷ್ಟು ಮರಳು ಸುರಿದಂಗಿದೆ."

"ಮಕ್ಕಳ ಶಾಲೆ ಅಲ್ವಾ ಮೇಷ್ಟ್ರೇ. ಜಾಗ ಸಾಕಷ್ಟಿರ್ಲಿ ಅಂತ."

"ಇರ್ಲಿ, ಇರ್ಲಿ. ಕುಡಿಯೋಕೆ ಬಾರ್ ಎಲ್ಲಿ?"

"ಶಾಲೇಲಿ ಬಾರ್ ಇರಲ್ಲ."

"ಅಪ್ಪ ಅಮ್ಮಂದಿರು ಎಲ್ಲಿ ಕೂತು ನಡುಗ್ಬೇಕು ಮತ್ತೆ?" ಎಂದು ಅವನು ಬೆರಳನ್ನು ಹಾದಿಯ ಮೇಲೆ ಓಡಿಸಿದ. ಬೆರಳು ಅತ್ತ ತಿರುಗಿತು, ಇತ್ತ ತಿರುಗಿತು. "ಇದ್ಯಾಕೆ ಕರುಳಿನ ಥರ ಸುತ್ಕೊಂಡಿದೆ?"

"ಕಾಣಬಾರದು ಅಂತ."

"ಯಾರಿಗೆ?"

ಲಿಯೊನೋರ್ ಎದ್ದು ಹೋಗಿ ಕಡಲೆಕಾಳಿಗೆ ಉಪ್ಪು ಹಾಕಿದಳು. ಆಗಲೇ ಹಾಕಿದ್ದಳು. ಗಾಯವಾದವನನ್ನು ಹೊತ್ತು ಓಡುವವರಿಗೆ ಹಾದಿ ನೇರವಾಗಿರಬೇಕು ಎಂಬುದು ಅವಳಿಗೆ ಗೊತ್ತಿರದ ವಿಷಯವಲ್ಲ. ಇನ್ನೊಬ್ಬರ ನಕ್ಷೆಯಲ್ಲಿ ಇಂಥ ತಿರುವು ಕಂಡಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಕಳಿಸುತ್ತಿದ್ದಳು. ತಲೆಗೆ ಗೊತ್ತಿತ್ತು, ಕೈ ಕೇಳುತ್ತಿರಲಿಲ್ಲ.

"ಶನಿವಾರ ದೊನ್ ಹಸಿಂತೊ ಗೂಳಿ ಫಾರ್ಮಿನಲ್ಲಿ ಕಡಸುಗಳ ಧೈರ್ಯ ಪರೀಕ್ಷೆ ಇಟ್ಕೊಂಡಿದಾರೆ," ಎಂದ ಎಲಾಡಿಯೊ, ಈಗ ದನಿ ತಗ್ಗಿಸಿ. "ದೊಡ್ಡವರದ್ದು ಮುಗಿದ್ಮೇಲೆ ನಮ್ಮ ಮಕ್ಕಳಿಗೂ ಒಂದಿಷ್ಟು ಹೊತ್ತು ಬಿಡ್ತಾರಂತೆ. ಅರಾಸೆಲಿನೂ ಕರ್ಕೊಂಡು ಹೋಗೋಣ ಅಂತಿದೀನಿ. ನೀನು ಹೂಂ ಅಂದ್ರೆ ಮಾತ್ರ."

ಇಲ್ಲಿಯವರೆಗೆ ಮಗಳು ಕಲಿತದ್ದೆಲ್ಲ ಗಾಳಿಯ ಎದುರು. ಒಬ್ಬರು ಬಟ್ಟೆ ಬೀಸುವುದು, ಇನ್ನೊಬ್ಬರು ಮರದ ಹಿಡಿಗೆ ಸಿಕ್ಕಿಸಿದ ಜೋಡಿ ಕೊಂಬು ಹಿಡಿದು ಗೂಳಿಯ ಹಾಗೆ ನುಗ್ಗುವುದು. ಕಡಸು ಇನ್ನೂ ಕರು ಹಾಕದ ಎಳೆ ಹಸುವೇ ಆದರೂ ನಿಜವಾದ ಮೈ, ನಿಜವಾದ ಕೊಂಬು, ಉಸಿರು.

"ನೋಡೋಣ," ಎಂದಳು ಲಿಯೊನೋರ್.

"ಶುಕ್ರವಾರದೊಳಗೆ ನೋಡು ತಾಯಿ," ಎಂದು ಎಲಾಡಿಯೊ ಒಂದು ಬಟ್ಟಲು ಕಡಲೆಕಾಳು ತಿಂದು, ಉಪ್ಪು ಜಾಸ್ತಿಯಾಗಿದೆ ಎಂದು ಹೇಳಿ ಹೋದ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಂಡ ಫರ್ಮಿನ್ ಔಷಧದಂಗಡಿ ಮುಚ್ಚಿ ಬಂದಿದ್ದ. ಗೂಳಿಕಾಳಗ ಅಂದರೆ ಅವನಿಗೆ ಆಗದು. ಟೀವಿಯಲ್ಲಿ ಬಂದರೆ ಎದ್ದು ಹೋಗುತ್ತಾನೆ. ಆದರೆ ಅಂದು ಅವನಿಗಾಗಿ ಮಾಡಿದ್ದು ಗೂಳಿ ಬಾಲದ ಸಾರು. ಅದನ್ನು ಮೂಳೆ ಚೀಪಿ ಚೀಪಿ ತಿನ್ನುತ್ತಿದ್ದ. ಅರಾಸೆಲಿ ಚಳಿಗಾಲದಿಂದ ಮಾಂಸ ಬಿಟ್ಟಿದ್ದಳು. ಅವಳ ತಟ್ಟೆಯಲ್ಲಿ ಬರೀ ಕಡಲೆಕಾಳು ಮತ್ತು ರೊಟ್ಟಿ.

"ನೋಡು ನಮ್ಮನೆ ಚಂದ," ಎಂದ ಫರ್ಮಿನ್. "ತಿನ್ನೋನು ಕಾಳಗ ಬೇಡ ಅಂತಾನೆ. ಕಾಳಗ ಬೇಕು ಅನ್ನೋಳು ತಿನ್ನಲ್ಲ. ಕಟ್ಟೋಳು ಮಾತೇ ಆಡಲ್ಲ."

"ನಿಮ್ಮ ತಟ್ಟೇಲಿ ಇರೋದು ನಿಮ್ಮನ್ನ ಯಾವತ್ತೂ ನೋಡಿಲ್ಲ ಅಪ್ಪಾ," ಎಂದಳು ಅರಾಸೆಲಿ. "ನೀವೂ ಅದನ್ನ ನೋಡಿಲ್ಲ. ಹಾಗೆ ತಿನ್ನೋದು ನಂಗೆ ಆಗಲ್ಲ."

"ನೋಡಿ ಚುಚ್ಚೋದು ಆಗತ್ತಾ?"

"ಗೊತ್ತಿಲ್ಲ. ಅದಕ್ಕೇ ಹೋಗ್ಬೇಕು ಅಂತಿರೋದು." ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಮೇಷ್ಟ್ರು ಬಂದಿದ್ರಲ್ಲ. ಏನಂದೆ?"

"ನೋಡೋಣ ಅಂದೆ ಕಣೆ."

"ಅದೊಂದು ಉತ್ತರಾನಾ?"

ಫರ್ಮಿನ್ ಬಾಯಿ ಒರೆಸಿಕೊಂಡ. "ನನ್ನನ್ನ ಕೇಳಿದ್ರೆ ಬೇಡ. ಆದ್ರೆ ನಾನು ಬೇಡ ಅಂದ್ರೆ ಕದ್ದು ಹೋಗ್ತಾಳೆ, ನೀನು ಹೂಂ ಅಂದ್ರೆ ಹೇಳಿ ಹೋಗ್ತಾಳೆ. ಅಷ್ಟೇ ವ್ಯತ್ಯಾಸ. ನೀನೇ ಹೇಳು." ಹೀಗೆ ಹೇಳಿ ಅವನು ಮಧ್ಯಾಹ್ನದ ನಿದ್ದೆಗೆ ಹೋದ. ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಆ ಹೂಂ ಎಂಬುದನ್ನು ತಂದು ಅವಳ ಮಡಿಲಿಗೇ ಹಾಕುತ್ತಿದ್ದರು.

ಗುರುವಾರ ಸಂಜೆ ಲಿಯೊನೋರ್ ಅಳತೆ ತೆಗೆಯುವ ನೆಪದಲ್ಲಿ ಕಸಾಯಿಖಾನೆಗೆ ಹೋದಳು. ಗೇಟಿನ ಮುಂದೆ ಕೆಲವರು ಫಲಕ ಹಿಡಿದು ನಿಂತಿದ್ದರು. ಅವರಲ್ಲಿದ್ದ ಒಬ್ಬ ಹುಡುಗಿ ನಗುತ್ತಾ ಕರಪತ್ರ ಕೊಟ್ಟಳು. ಪ್ರಾಣಿಗೆ ನೋವು ಎಲ್ಲಿ, ಎಷ್ಟು, ಹೇಗೆ ಎಂದು ಅದರಲ್ಲಿ ಬರೆದಿತ್ತು. ಲಿಯೊನೋರ್ ನಿಂತು ಪೂರ್ತಿ ಓದಿದಳು. ಯಾವ ಸಾಲೂ ಸುಳ್ಳೆನ್ನಿಸಲಿಲ್ಲ. "ಥ್ಯಾಂಕ್ಸ್ ಕಣಮ್ಮ," ಎಂದು ಅದನ್ನು ಮಡಚಿ ಒಳಗೆ ಹೋದಳು. ಒಳಗೆ ಹೋದವಳು ಅದೇ ಕರಪತ್ರದ ಬೆನ್ನಿಗೆ ಗೋಡೆಯ ಅಳತೆ ಗುರುತು ಹಾಕಿಕೊಂಡಳು. ಮಾಡುತ್ತಿರುವುದು ಏನೆಂದು ಅರಿವಾದಾಗ ನಾಚಿಕೆಯಾಯಿತು. ಆದರೆ ಅಳತೆ ಮಾತ್ರ ಬೇಕಾಗಿತ್ತು.

ಹಿಂದಿನ ಗೋಡೆಯಲ್ಲಿ ಕಬ್ಬಿಣದ ಹಳೆಯ ಬಾಗಿಲಿತ್ತು. ಕಸಾಯಿಖಾನೆ ನಡೆಯುತ್ತಿದ್ದಾಗ ಮಾಂಸದ ಗಾಡಿ ಹೊರಡುತ್ತಿದ್ದುದು ಅದರಿಂದಲೇ. ನಕ್ಷೆಯಲ್ಲಿ ಅವಳು ಅದನ್ನು ಇಟ್ಟಿಗೆಯಿಂದ ಮುಚ್ಚಿ, ಸುಣ್ಣ ಬಳಿದು, ಮುಂದೆ ಕಿತ್ತಳೆ ಗಿಡಗಳನ್ನು ನೆಟ್ಟಿದ್ದಳು. ಪುರಸಭೆಯವರು ಆ ಗಿಡಗಳನ್ನು ಬಹಳ ಮೆಚ್ಚಿದ್ದರು.

ಬಯಲಿನಲ್ಲಿ ಮಕ್ಕಳು ಜೋಡಿ ಜೋಡಿಯಾಗಿ ಅಭ್ಯಾಸ ಮಾಡುತ್ತಿದ್ದರು. ಲಿಯೊನೋರ್ ಗುಲಾಬಿ ಬಟ್ಟೆ ಹಿಡಿದವರಲ್ಲಿ ಮಗಳನ್ನು ಹುಡುಕಿದಳು. ಅಲ್ಲಿರಲಿಲ್ಲ. ಬಟ್ಟೆಗಳ ಎದುರು ನೋಡಿದಳು. ಅರಾಸೆಲಿ ಜೋಡಿ ಕೊಂಬನ್ನು ಸೊಂಟದ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ, ಮೂಗಿನಲ್ಲಿ ಉಸಿರು ಬಿಡುತ್ತಾ ನಿಂತಿದ್ದಳು. ಎದುರಿನವನು ಬಟ್ಟೆ ಅಲುಗಿಸಿದ. ಅವಳು ದಾರ ಹಿಡಿದು ಎಳೆದಂತೆ ನೇರ ಬಂದಳು, ಬಟ್ಟೆಯ ಕೆಳಗೆ ಹಾದು, ತಿರುಗಿ, ಮತ್ತೆ ಬಂದಳು.

"ನೋಡಿದ್ಯಾ?" ಪಕ್ಕಕ್ಕೆ ಬಂದು ನಿಂತ ಎಲಾಡಿಯೊ ಹೇಳಿದ. "ಎಲ್ಲರಿಗೂ ಮಟಡೋರ್ ಆಗ್ಬೇಕು. ಗೂಳಿ ಆಗು ಅಂದ್ರೆ ಹೊಟ್ಟೆನೋವು. ಇವಳೊಬ್ಬಳೇ ಕೇಳಿ ತಗೊಳ್ತಾಳೆ. ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೆ ಗೂಳಿ ಸಿಕ್ಕಿರಲಿಲ್ಲ."

ಅದಕ್ಕೆ ಸಂತೋಷಪಡಬೇಕೋ ಬೇಡವೋ ಲಿಯೊನೋರಳಿಗೆ ತಿಳಿಯಲಿಲ್ಲ. ಮನೆಗೆ ನಡೆದು ಬರುವಾಗ ಮಗಳನ್ನು ಕೇಳಿಯೇಬಿಟ್ಟಳು.

"ಅಲ್ವೇ, ನೀನು ಅಲ್ಲಿಗೆ ಹೋಗೋದು ಗೂಳಿ ಆಗೋಕೋ, ಅದರ ಎದುರು ನಿಲ್ಲೋಕೋ?"

"ಎರಡೂ ಒಂದೇ ಅಮ್ಮಾ."

"ಹೇಗೆ ಒಂದೇ? ಒಬ್ಬರು ಸಾಯ್ತಾರೆ, ಒಬ್ಬರಿಗೆ ಚಪ್ಪಾಳೆ."

ಅರಾಸೆಲಿ ನಡೆಯುತ್ತಲೇ ಎರಡೂ ಮುಷ್ಟಿಗಳನ್ನು ಸೊಂಟದ ಮಟ್ಟಕ್ಕೆ ಹಿಡಿದಳು. "ಕೊಂಬು ಹಿಡ್ಕೊಂಡು ತಲೆ ತಗ್ಗಿಸ್ದಾಗ ಅಲುಗಾಡೋದು ಮಾತ್ರ ಕಾಣತ್ತೆ. ಎದುರಿಗಿರೋನು ಹೆದರ್ದೆ ನಿಂತ್ರೆ ಅವನು ಇಲ್ಲವೇ ಇಲ್ಲ, ಬರೀ ಬಟ್ಟೆ. ಹೆದರಿ ಕಾಲು ಎತ್ತಿದ್ನೋ, ಅವನೇ ಕಾಣ್ತಾನೆ. ಅದು ಒಳಗಿಂದ ಗೊತ್ತಾಗ್ಬೇಕು. ನಿಜವಾದ್ದು ಬಂದಾಗ ನಾನು ಏನಾಗ್ತೀನಿ ಅಂತ ಗೊತ್ತಾಗ್ಬೇಕು. ನಂಗೆ ಕೊಲ್ಲೋದು ಬೇಕಾ ಬೇಡ್ವಾ ಅಂತ ಇಲ್ಲಿ ಕೂತು ಹೇಗೆ ಹೇಳ್ಲಿ?"

ಲಿಯೊನೋರ್ ಈ ಮಾತನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬಿಸಿ ಆಲೂಗಡ್ಡೆಯ ಹಾಗೆ ಬದಲಾಯಿಸುತ್ತಾ ಮನೆ ತಲುಪಿದಳು. ಅಪ್ಪ ಕಾಳಗಕ್ಕೆ ಹೊರಟ ದಿನಗಳಲ್ಲಿ ಅಮ್ಮ ಟೆಲಿಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದುದು ನೆನಪಾಯಿತು. ಫೋನು ರಿಂಗಾದರೆ ಬಟಾಣಿ ಚೆಲ್ಲುತ್ತಿತ್ತು. ಕೊನೆಗೆ ಅಪ್ಪ ಸತ್ತದ್ದು ಗೂಳಿಯಿಂದಲ್ಲ, ಆರಾಮಕುರ್ಚಿಯಲ್ಲಿ ನಿದ್ದೆ ಮಾಡುತ್ತಾ. ಹಾಗಾದರೆ ಅಮ್ಮ ಅಷ್ಟು ವರ್ಷ ಹೆದರಿದ್ದು ವ್ಯರ್ಥವೇ? ಅದೂ ಗೊತ್ತಾಗಲಿಲ್ಲ.

ಶುಕ್ರವಾರ ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅರಾಸೆಲಿ ಹತ್ತಿ ಬಂದಳು. ಒಂದು ಕೈಯಲ್ಲಿ ಕೆಂಪು ಬಟ್ಟೆ, ಇನ್ನೊಂದರಲ್ಲಿ ಕೊಂಬುಗಳು. ಬಿಸಿಲು ಇನ್ನೂ ಚೆನ್ನಾಗಿತ್ತು.

"ಅಮ್ಮಾ, ಇದನ್ನ ಹಿಡ್ಕೋ."

"ನಂಗೆ ಕೆಲಸ ಇದೆ."

"ಬಟ್ಟೆ ಓಡಿಹೋಗಲ್ಲ. ಬಾ. ಒಂದ್ಸಲ ಗೂಳಿ ಆಗು. ಆಮೇಲೆ ಬೇಡ ಅಂದ್ರೂ ಸರಿ, ನಾನು ಕೇಳಲ್ಲ."

ಲಿಯೊನೋರ್ ಹೆಗಲ ಮೇಲಿದ್ದ ಹಾಸಿಗೆ ಚಾದರವನ್ನು ಬುಟ್ಟಿಗೆ ಹಾಕಿದಳು. ಕೊಂಬು ಎಣಿಸಿದ್ದಕ್ಕಿಂತ ಭಾರವಾಗಿತ್ತು, ಹಿಡಿ ನುಣುಪಾಗಿತ್ತು. ಮಗಳ ಕೈ ಬೆವರು ಕುಡಿದು ನುಣುಪಾದದ್ದು. ಅರಾಸೆಲಿ ಬೆನ್ನು ನೆಟ್ಟಗೆ ಮಾಡಿ, ಕಾಲು ಜೋಡಿಸಿ, ಕೆಂಪು ಬಟ್ಟೆಯನ್ನು ಪಕ್ಕಕ್ಕೆ ಹಿಡಿದು ನಿಂತಳು. ನಿಂತ ಕೂಡಲೆ ಅವಳು ಬೇರೆ ಯಾರೋ ಆದಳು.

ಲಿಯೊನೋರ್ ತಲೆ ತಗ್ಗಿಸಿ ಓಡಿದಳು. ಬಟ್ಟೆ ಹತ್ತಿರವಾಯಿತು, ಬಟ್ಟೆಯ ಪಕ್ಕದ ಸಣ್ಣ ಸೊಂಟ ಹತ್ತಿರವಾಯಿತು. ಕಾಲು ತಾನಾಗಿ ಹೊರಗೆ ವಾಲಿತು.

"ನೇರ ಬಾ ಅಮ್ಮಾ."

"ನೇರಾನೇ ಬಂದೆ."

"ಇಲ್ಲ, ನನ್ನಿಂದ ದೂರ ಹೋಗ್ತಿದೀಯ. ಮತ್ತೆ ಬಾ."

ಮತ್ತೆ ಓಡಿದಳು. ಈ ಸಲ ನೇರ ಹೋಗಲೇಬೇಕು ಎಂದುಕೊಂಡೇ ಓಡಿದಳು. ಕೊನೆಯ ಗಳಿಗೆಯಲ್ಲಿ ಮಗಳಿಗೆ ತಾಗೀತೆಂದು ಹೊರಗೆ ಎಳೆದುಕೊಂಡಳು, ಎಳೆದುಕೊಂಡದ್ದು ಹೆಚ್ಚಾಯಿತೆಂದು ಒಳಗೆ ತಿರುಗಿದಳು. ಕೊಂಬಿನ ತುದಿ ಅರಾಸೆಲಿಯ ಮೊಣಕೈ ಕೆಳಗೆ ಉದ್ದಕ್ಕೆ ಗೀರಿಕೊಂಡು ಹೋಯಿತು.

ಲಿಯೊನೋರ್ ಕೊಂಬನ್ನು ಕೆಳಗೆ ಬಿಟ್ಟಳು. ಗೀರಿನ ಮೇಲೆ ಸಣ್ಣ ಸಣ್ಣ ಕೆಂಪು ಹನಿ ಮೂಡುತ್ತಿದ್ದವು. ಬುಟ್ಟಿಯಿಂದ ಒಂದು ದಿಂಬಿನ ಚೀಲ ತೆಗೆದು ಒತ್ತಿ ಹಿಡಿದಳು.

"ನೋಡಿದ್ಯಾ?" ಅರಾಸೆಲಿ ಮೆಲ್ಲಗೆ ಹೇಳಿದಳು. ಸಿಟ್ಟಿರಲಿಲ್ಲ. "ನೇರ ಬರೋ ಗೂಳಿ ಏನೂ ಮಾಡಲ್ಲ ಅಮ್ಮಾ. ಬರ್ಲೋ ಬೇಡ್ವೋ ಅಂತ ಬರತ್ತಲ್ಲ, ಅದೇ ತಿವಿಯೋದು. ಮೇಷ್ಟ್ರು ಮೊದಲ ದಿನ ಹೇಳಿಕೊಟ್ಟಿದ್ದೇ ಇದು."

"ನಾನು ನಿನ್ನ ತಪ್ಪಿಸೋಕೆ ನೋಡ್ದೆ ಕಣೆ."

"ಗೊತ್ತು."

ಕೆಳಗೆ ಬೀದಿಯಲ್ಲಿ ಯಾರೋ ಯಾರನ್ನೋ ಬೈದು, ಆಮೇಲೆ ನಕ್ಕರು. ಲಿಯೊನೋರ್ ದಿಂಬಿನ ಚೀಲ ತೆಗೆದು ನೋಡಿದಳು. ರಕ್ತ ನಿಂತಿತ್ತು. ಕೊಂಬನ್ನು ಎತ್ತಿಕೊಂಡು ಮಾಳಿಗೆಯ ಆ ತುದಿಗೆ ಹೋಗಿ ನಿಂತಳು. ಈ ಸಲ ಕಣ್ಣನ್ನು ಕೆಂಪು ಬಟ್ಟೆಯ ಮೇಲಿಟ್ಟು, ಬೇರೆ ಎಲ್ಲವನ್ನೂ ಬಿಟ್ಟು ಓಡಿದಳು. ಬಟ್ಟೆ ಅವಳ ತಲೆಯ ಮೇಲೆ ಹಾದು ಹೋಯಿತು. ಮಗಳ ಮೈಯ ಬಿಸಿ ಕೆನ್ನೆಗೆ ತಾಗುವಷ್ಟು ಹತ್ತಿರವಿತ್ತು. ತಾಗಲಿಲ್ಲ.

ಏದುಸಿರು ಬಿಡುತ್ತಾ ಬುಟ್ಟಿಯ ಪಕ್ಕ ಕುಳಿತುಬಿಟ್ಟಳು. "ನೇರವಾಗೇ ಹೇಳ್ತೀನಿ, ಕೇಳು. ನೀನು ಹೋಗೋದು ನಂಗೆ ಇಷ್ಟ ಇಲ್ಲ. ಆ ಶಾಲೆ ಕಟ್ಟೋದು ಸರಿಯೋ ತಪ್ಪೋ ನಂಗೆ ಗೊತ್ತಿಲ್ಲ, ಗೊತ್ತಾಗತ್ತೆ ಅಂತ ಕಾದು ಕಾದು ಸಾಕಾಯ್ತು. ನಾಳೆ ಹೋಗು. ನಾನೂ ಬರ್ತೀನಿ."

"ಹೂಂ ಅಂದ್ಯಾ?"

"ಹೂಂ ಅಂದೆ. ಹೆದರಿಕೊಂಡೇ ಅಂದೆ."

ದೊನ್ ಹಸಿಂತೊ ಫಾರ್ಮಿನ ಅಖಾಡ ಸಣ್ಣದು, ಸುಣ್ಣ ಬಳಿದ ಗೋಡೆ. ಮನುಷ್ಯರು ಓಡಿ ಬಂದು ಅವಿತುಕೊಳ್ಳಲು ಗೋಡೆಗೆ ಸ್ವಲ್ಪ ಅಂತರ ಬಿಟ್ಟು ಮರದ ಹಲಗೆಗಳನ್ನು ನಿಲ್ಲಿಸಿದ್ದರು. ಒಂದು ಹಲಗೆಯ ಹಿಂದೆ ಎಲಾಡಿಯೊನ ಪಕ್ಕ ಲಿಯೊನೋರ್ ನಿಂತಳು. ಮೇಲೆ ಕಟ್ಟೆಯ ಮೇಲೆ ಕುಳಿತ ದೊನ್ ಹಸಿಂತೊ ಒಂದೊಂದು ಕಡಸಿನ ಧೈರ್ಯವನ್ನು ನೋಡಿ ಹೂಂ, ಊಹೂಂ ಎನ್ನುತ್ತಿದ್ದ. ದೊಡ್ಡವರ ಸರದಿ ಮುಗಿದ ಮೇಲೆ ಅರಾಸೆಲಿಯನ್ನು ಕರೆದರು.

ಬಂದದ್ದು ಕಂದು ಬಣ್ಣದ ಸಣ್ಣ ಕಡಸು. ಮರಳಿನ ನಡುವೆ ನಿಂತು ಅತ್ತ ಇತ್ತ ನೋಡಿತು. ಅರಾಸೆಲಿ ಬಟ್ಟೆ ಅಲುಗಿಸಿ ಕರೆದಳು. ಅದು ಓಡಿ ಬಂತು, ಅರ್ಧ ದಾರಿಯಲ್ಲಿ ನಿಂತಿತು, ನೆಲ ಮೂಸಿತು. ಮತ್ತೆ ಕರೆದಳು. ಬಂತು, ಪಕ್ಕಕ್ಕೆ ವಾಲಿತು. ಲಿಯೊನೋರಳಿಗೆ ಅದರ ಕಾಲು ತನ್ನದೇ ಎನ್ನಿಸಿತು. ಮೂರನೆಯ ಸಲ ಹೊರಗೆ ಹೋಗುತ್ತಾ ಹೋಗುತ್ತಾ ಒಳಗೆ ತಿರುಗಿತು. ಅರಾಸೆಲಿ ಕಾಲೆತ್ತಲಿಲ್ಲ, ಬಟ್ಟೆಯನ್ನು ಇನ್ನೊಂದಿಷ್ಟು ಮುಂದೆ ಚಾಚಿ ಅದನ್ನು ಮೈಯಿಂದಾಚೆಗೆ ಒಯ್ದುಬಿಟ್ಟಳು. ಮೇಲಿದ್ದವರು ಮೆಚ್ಚಿ "ಓಲೇ" ಎಂದರು. ಎಲಾಡಿಯೊ ಹಲಗೆಯ ಮೇಲೆ ಬೆರಳು ಬಡಿದ. ಲಿಯೊನೋರ್ ತಾನು ಉಸಿರು ಬಿಟ್ಟದ್ದು ಕೇಳಿಸಿಕೊಂಡಳು. ಹೆಮ್ಮೆಯಾಗುತ್ತಿದೆ ಎಂದು ಗೊತ್ತಾಗಿ ಅವಳಿಗೆ ಇನ್ನಷ್ಟು ಗೊಂದಲವಾಯಿತು.

"ಊಹೂಂ," ಎಂದ ದೊನ್ ಹಸಿಂತೊ ಮೇಲಿನಿಂದ. ಆಳು ಬಂದು ಕಡಸನ್ನು ಬೇರೆ ಬಾಗಿಲಿಗೆ ಅಟ್ಟಿದ.

ಅರಾಸೆಲಿ ಹಲಗೆಯ ಹಿಂದೆ ಬಂದಳು. ಮುಖ ಕೆಂಪಾಗಿತ್ತು, ನಗುತ್ತಿದ್ದಳು. "ಮೇಷ್ಟ್ರೇ, ಊಹೂಂ ಅಂದ್ರಲ್ಲ. ನಂಗಾ?"

"ನಿಂಗಲ್ಲ ಮಗಳೇ, ಕಡಸಿಗೆ. ನೀನು ಚೆನ್ನಾಗಿ ಮಾಡ್ದೆ. ಅದು ಅನುಮಾನದ ಪ್ರಾಣಿ. ಅಂಥದರ ಹೊಟ್ಟೇಲಿ ಗೂಳಿ ಹುಟ್ಟಿಸಲ್ಲ ಇವರು."

"ಮತ್ತೆ ಅದನ್ನ ಏನ್ಮಾಡ್ತಾರೆ?"

ಎಲಾಡಿಯೊ ಟೋಪಿ ಸರಿಮಾಡಿಕೊಂಡ. "ಸೋಮವಾರ ಮಾಂಸದಂಗಡಿಯೋರು ಬರ್ತಾರೆ."

ಅರಾಸೆಲಿಯ ನಗು ಒಮ್ಮೆಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಮರೆತುಹೋದ ಹಾಗೆ ಇಳಿಯಿತು. "ಅದು ನನ್ನನ್ನ ನೋಡ್ತು," ಎಂದಳು, ಯಾರಿಗೆ ಎಂದಿಲ್ಲ. ಮರಳುವ ಹಾದಿಯುದ್ದಕ್ಕೂ ಅವಳು ಕಾರಿನ ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು.

ಮನೆಗೆ ಬಂದು ಲಿಯೊನೋರ್ ಮೇಜಿನ ಮೇಲೆ ನಕ್ಷೆ ಹರಡಿದಳು. ಎಣ್ಣೆ ಶೀಸೆಯನ್ನು ಮೂಲೆಗೆ ಇಟ್ಟಳು. ತಿರುವುಗಳ ಗೋಡೆಯನ್ನು ಅಳಿಸಿ, ಅಖಾಡದ ಬಾಗಿಲಿನಿಂದ ಚಿಕಿತ್ಸೆಯ ಕೋಣೆಗೆ ಒಂದೇ ನೇರ ಹಾದಿ ಎಳೆದಳು. ಒಳಗೆ ಬಂದವರಿಗೆಲ್ಲ ಅದು ಕಾಣುತ್ತಿತ್ತು. ಕಾಣಲಿ.

ಅರಾಸೆಲಿ ಬಂದು ಹಿಂದೆ ನಿಂತಿದ್ದು ಗೊತ್ತಾಯಿತು. ಮೈಯಲ್ಲಿ ಇನ್ನೂ ಮರಳಿನ, ದನದ ವಾಸನೆಯಿತ್ತು. ಅವಳು ಬಗ್ಗಿ ನಕ್ಷೆಯ ಹಿಂದಿನ ಗೋಡೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಕಬ್ಬಿಣದ ಬಾಗಿಲು ಇತ್ತಲ್ಲ?"

"ಮುಚ್ಚಿದೀನಿ. ಕಿತ್ತಳೆ ಗಿಡ ಬರತ್ತೆ."

"ಕಡಸುಗಳು ಒಳಗೆ ಬರೋ ಬಾಗಿಲು ಬರೆದಿದೀಯ. ಹೊರಗೆ ಹೋಗೋದು?"

ಲಿಯೊನೋರ್ ನಕ್ಷೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಪುರಸಭೆ ನೋಡಿತ್ತು, ಎಲಾಡಿಯೊ ನೋಡಿದ್ದ, ಅವಳು ನೋಡಿ ನೋಡಿ ಕಣ್ಣು ಸೋತಿದ್ದಳು. ಯಾರಿಗೂ ಇದು ಹೊಳೆದಿರಲಿಲ್ಲ. ರಬ್ಬರು ತೆಗೆದುಕೊಂಡು ಗಿಡಗಳನ್ನು ಒಂದೊಂದಾಗಿ ಅಳಿಸಿದಳು. ಇಟ್ಟಿಗೆ ಅಳಿಸಿದಳು. ಬಾಗಿಲನ್ನು ಇದ್ದ ಜಾಗದಲ್ಲಿ, ಇದ್ದ ಅಗಲಕ್ಕೆ ಬರೆದಳು.

ಅರಾಸೆಲಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಗೀರಾದ ಕೈಯನ್ನು ಮೇಜಿನ ಮೇಲಿಟ್ಟು ಆ ಬಾಗಿಲನ್ನೇ ನೋಡುತ್ತಿದ್ದಳು.

"ಸೋಮವಾರ ಪಾಠಕ್ಕೆ ಹೋಗ್ತೀಯೇನೆ?" ಲಿಯೊನೋರ್ ಕೇಳಿದಳು.

ಮಗಳು ಗೀರಿನ ಮೇಲೆ ಬೆರಳಾಡಿಸಿದಳು.

"ನೋಡೋಣ ಅಮ್ಮಾ."

ಲಿಯೊನೋರ್ ಎದ್ದು ಒಲೆ ಹಚ್ಚಿ, ಮಗಳಿಗೆ ರೊಟ್ಟಿ ಸುಟ್ಟು, ಟೊಮ್ಯಾಟೊ ಸವರಿ, ಮೇಲೆ ಎಣ್ಣೆ ಸುರಿಯಲು ಶೀಸೆ ತೆಗೆದುಕೊಂಡಳು. ನಕ್ಷೆಯ ಮೂಲೆ ಸುರುಳಿ ಸುತ್ತಿಕೊಂಡಿತು. ಅರಾಸೆಲಿ ಅದನ್ನು ಅಂಗೈಯಿಂದ ಒತ್ತಿ ಹಿಡಿದಳು.